ಗ್ಲಾಸ್ ನೋಡುವ ಮೊದಲು ಸುಂಕದ ಪಟ್ಟಿ ನೋಡಿ

ರಫ್ತಿನ ಸಲಹೆ ಕೇಳಿ ನನ್ನ ಹತ್ತಿರ ಬರುವ ಮದ್ಯ ತಯಾರಕರು ಹೆಚ್ಚುಕಮ್ಮಿ ಒಂದೇ ಸ್ಲೈಡ್ ಹಿಡಿದು ಬರುತ್ತಾರೆ. ಅದರಲ್ಲೊಂದು ಬಣ್ಣದ ಗ್ರಾಫ್. ಒಂದು ಗೆರೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಅಡಿಯಲ್ಲಿ ದಪ್ಪಕ್ಷರದಲ್ಲಿ 'ಪಾಶ್ಚಾತ್ಯ ಗ್ರಾಹಕರ ಅಭಿರುಚಿ ಬದಲಾಗಿದೆ' ಎಂಬ ಸಾಲು. "ಸರ್, ಅಲ್ಲಿ ಈಗ ಎಲ್ಲರೂ ಲೈಟ್, ಅಂದ್ರೆ ಆಲ್ಕೋಹಾಲ್ ಕಡಿಮೆ ಇರೋದು ಕುಡಿತಾರಂತೆ, ನಾವೂ ಲೈಟ್ ಮಾಡಿ ಕಳಿಸೋಣ" ಅನ್ನುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಆ ಗೆರೆ ತಿರುಗಿದ ವರ್ಷ ಆ ದೇಶದಲ್ಲಿ ಸುಂಕ ಏನಾಯಿತು? ಮುಖ ಮುಖ ನೋಡಿಕೊಳ್ಳುತ್ತಾರೆ.

ಮದ್ಯ ತಯಾರಕರಿಗೆ ರಫ್ತಿನ ಸಲಹೆ ಕೊಡುವುದು ನನ್ನ ಕೆಲಸ. ನಂದಿಬೆಟ್ಟದ ಸುತ್ತಿನ ವೈನ್‌ನವರು, ವಿಜಯಪುರದ ದ್ರಾಕ್ಷಿ ಬೆಳೆಗಾರರು, ಬೆಂಗಳೂರಿನ ಹೊಸ ಜಿನ್ ಹುಡುಗರು, ಎಲ್ಲರೂ ಬರುತ್ತಾರೆ. ಒಳ್ಳೆಯ ಜನ, ಕಷ್ಟಪಡುವವರು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ನನ್ನ ತಾಳ್ಮೆ ಕೆಡಿಸುತ್ತಾರೆ. ಜನರ ನಾಲಿಗೆ ಬದಲಾಗುವುದು ಬಹಳ ನಿಧಾನ. ಸರ್ಕಾರದ ಗೆಜೆಟ್ ಬದಲಾಗುವುದು ಒಂದೇ ರಾತ್ರಿಯಲ್ಲಿ. ಎರಡನೆಯದನ್ನು ನೋಡಿ ಮೊದಲನೆಯದು ಎಂದುಕೊಂಡರೆ ದುಡ್ಡು ಹೋಗುತ್ತದೆ.

ಬ್ರಿಟನ್ನಿನ ಲೆಕ್ಕವನ್ನೇ ನೋಡಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. 2023ರ ಆಗಸ್ಟ್ 1ರಿಂದ ಅಲ್ಲಿ ಪಾನೀಯದಲ್ಲಿ ಆಲ್ಕೋಹಾಲ್ ಎಷ್ಟಿದೆಯೋ ಅದರ ಮೇಲೆ ಸುಂಕ. ಶೇ. 3.5 ಅಥವಾ ಅದಕ್ಕಿಂತ ಜಾಸ್ತಿ ಇರುವ ಮಾಮೂಲಿ ಬಿಯರ್‌ಗೆ, ಒಂದು ಲೀಟರ್ ಶುದ್ಧ ಆಲ್ಕೋಹಾಲ್‌ನ ಲೆಕ್ಕದಲ್ಲಿ, ಆಗ ಇಟ್ಟ ದರ 21.01 ಪೌಂಡ್. 3.5ರ ಕೆಳಗಿದ್ದರೆ 9.27 ಪೌಂಡ್. ಅರ್ಧಕ್ಕಿಂತ ಕಡಿಮೆ! ಈಗ ಒಂದು 500 ಮಿಲಿ ಬಿಯರ್ ತೆಗೆದುಕೊಳ್ಳಿ. ಶೇ. 3.8 ಇದ್ದರೆ ಅದರೊಳಗೆ 19 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ, ಸುಂಕ ಸುಮಾರು 40 ಪೆನ್ಸ್. ಅದನ್ನೇ 3.4ಕ್ಕೆ ಇಳಿಸಿದರೆ ಒಳಗೆ 17 ಮಿಲಿ, ಸುಂಕ ಸುಮಾರು 16 ಪೆನ್ಸ್. ತೆಗೆದದ್ದು ಎರಡು ಮಿಲಿ, ಉಳಿದದ್ದು 24 ಪೆನ್ಸ್. ಪಬ್ಬಿನ ಡ್ರಾಫ್ಟ್ ಬಿಯರ್‌ಗೆ ದರ ಬೇರೆ, ಆಮೇಲೆ ದರಗಳೂ ಏರಿವೆ. ಹಾಗಾಗಿ ಇದನ್ನೇ ಇವತ್ತಿನ ಲೆಕ್ಕ ಎಂದು ಹಿಡಿದುಕೊಂಡು ಕೂರಬೇಡಿ. ಆದರೆ ಆಟ ಮಾತ್ರ ಇದೇ.

ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯವರು ಬ್ರಿಟನ್ನಿನಲ್ಲಿ ಮಾರುವ ತಮ್ಮ ಪಿಲ್ಸ್‌ನರ್ ಎಂಬ ಬಿಯರನ್ನು ನಿಖರವಾಗಿ ಹೀಗೇ 3.8ರಿಂದ 3.4ಕ್ಕೆ ಇಳಿಸಿದರು. ಗ್ರಾಹಕ ಏನು ಮಾಡಿದ? ಏನೂ ಮಾಡಲಿಲ್ಲ. ಅದೇ ಹೆಸರಿನ ಕ್ಯಾನ್ ಎತ್ತಿಕೊಂಡು ಮನೆಗೆ ಹೋದ. ಆದರೆ ಲೆಕ್ಕದ ಪುಸ್ತಕದಲ್ಲಿ ಅವನು ಈಗ 'ಕಡಿಮೆ ಆಲ್ಕೋಹಾಲ್ ಕಡೆ ವಾಲಿದ ಗ್ರಾಹಕ'. ಅದೇ ಪುಸ್ತಕದಿಂದ ಒಬ್ಬರು ಗ್ರಾಫ್ ಮಾಡುತ್ತಾರೆ. ಆ ಗ್ರಾಫ್ ನನ್ನ ಟೇಬಲ್ಲಿಗೆ ಬರುತ್ತದೆ.

ವೈನ್ ಕತೆಯೂ ಇದೇ ಜಾತಿಯದು. 2025ರ ಜನವರಿ ಮುಗಿಯುವವರೆಗೆ, ಶೇ. 11.5ರಿಂದ 14.5ರವರೆಗಿನ ಎಲ್ಲ ವೈನನ್ನೂ 12.5 ಎಂದೇ ಲೆಕ್ಕ ಹಾಕುವ ರಿಯಾಯಿತಿ ಇತ್ತು. ಫೆಬ್ರವರಿಯಿಂದ ಅದು ಹೋಯಿತು. ಲೀಟರ್ ಶುದ್ಧ ಆಲ್ಕೋಹಾಲ್‌ಗೆ ಆಗ ಬಂದ 29.54 ಪೌಂಡ್ ದರದಲ್ಲಿ 14.5ರ ಒಂದು 750 ಮಿಲಿ ಬಾಟಲಿಗೆ 3.21 ಪೌಂಡ್ ಸುಂಕ, 11ರ ಬಾಟಲಿಗೆ 2.44. ಅದರ ಮೇಲೆ ಶೇ. 20 ವ್ಯಾಟ್. ಸೂಪರ್‌ಮಾರ್ಕೆಟ್ಟಿನವರು ಹನ್ನೊಂದರ ವೈನ್ ಕೇಳುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ದೊಡ್ಡಬಳ್ಳಾಪುರದ ಕಡೆಯ ಹಿರಿಯರೊಬ್ಬರಿಗೆ ಈ ಲೆಕ್ಕ ಹೇಳಿದೆ. ಕನ್ನಡಕ ತೆಗೆದಿಟ್ಟು ನಕ್ಕರು. "ಬಿಸಿಲು ನಮ್ಮ ಮಾತು ಕೇಳುತ್ತೇನಪ್ಪಾ? ಹಣ್ಣು ಬೇಗ ಕಿತ್ತರೆ ಹುಳಿ, ಬಿಟ್ಟರೆ ಸಕ್ಕರೆ ಏರಿ ಆಲ್ಕೋಹಾಲ್ ಹದಿನಾಲ್ಕು" ಎಂದರು. ಆ ಒಂದು ಮಾತು ಹತ್ತು ಸ್ಲೈಡಿಗೆ ಸಮ. ಅವರು ಈಗ ಎರಡು ತಾಕುಗಳಲ್ಲಿ ಬೇರೆ ಬೇರೆ ಹೊತ್ತಿಗೆ ಕೊಯ್ದು ನೋಡುತ್ತಿದ್ದಾರೆ. ಸರಿಯಾದ ಪ್ರಶ್ನೆ ಹಿಡಿದಿದ್ದಾರೆ.

ಇನ್ನು 'ಬ್ರಿಟನ್' ಎಂಬ ಒಂದೇ ಮಾರುಕಟ್ಟೆಯೂ ಇಲ್ಲ. ಸ್ಕಾಟ್ಲೆಂಡ್‌ನಲ್ಲಿ 2018ರ ಮೇ 1ರಿಂದ ಕನಿಷ್ಠ ಬೆಲೆಯ ಕಾನೂನಿದೆ. ಒಂದು ಯೂನಿಟ್ ಆಲ್ಕೋಹಾಲ್‌ಗೆ, ಅಂದರೆ 10 ಮಿಲಿಗೆ, 50 ಪೆನ್ಸ್‌ಗಿಂತ ಕಡಿಮೆಗೆ ಮಾರುವಂತಿಲ್ಲ ಎಂದರು. 2024ರ ಸೆಪ್ಟೆಂಬರ್ ಕೊನೆಯಿಂದ ಅದು 65 ಪೆನ್ಸ್. ಶೇ. 7.5ರ ಮೂರು ಲೀಟರ್ ಅಗ್ಗದ ಸೈಡರ್, ಅಂದರೆ ಸೇಬಿನ ರಸ ಹುಳಿಸಿದ ಮದ್ಯ, ನಾಲ್ಕು ಪೌಂಡ್ ಆಸುಪಾಸಿಗೆ ಸಿಗುತ್ತಿತ್ತು. ಕಾನೂನು ಬಂದ ದಿನವೇ ಅದರ ಬೆಲೆ 11.25 ಪೌಂಡಾಯಿತು. ಅದರ ಮಾರಾಟ ಕುಸಿದೇ ಹೋಯಿತು. ಸ್ಕಾಟ್ಲೆಂಡಿನ ಜನಕ್ಕೆ ಸೇಬಿನ ರುಚಿ ಬೇಸರವಾಯಿತು ಅಂತ ಯಾರಾದರೂ ಹೇಳುತ್ತಾರಾ? ಹೇಳಿದವರನ್ನು ನಾನು ನೋಡಿದ್ದೇನೆ.

ಜರ್ಮನಿ 2004ರಲ್ಲಿ ಮಕ್ಕಳು ಕುಡಿಯುತ್ತಾರೆಂದು ಸ್ಪಿರಿಟ್ (ವೋಡ್ಕಾ, ರಮ್‌ನಂಥ ಭಟ್ಟಿ ಇಳಿಸಿದ ಮದ್ಯ) ಹಾಕಿದ ಸಿಹಿ ಬಾಟಲಿಗಳಿಗೆ ವಿಶೇಷ ತೆರಿಗೆ ಹಾಕಿತು. ಒಂದು 275 ಮಿಲಿ ಬಾಟಲಿಗೆ 80 ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ಅವು ಅಂಗಡಿಯಿಂದ ಹೆಚ್ಚುಕಮ್ಮಿ ಮಾಯವಾದವು. ತಯಾರಕರು ಬಿಯರ್ ಮತ್ತು ವೈನ್ ಬೆರೆಸಿದ ಸಿಹಿ ಬಾಟಲಿಗಳನ್ನು ತಂದರು. ಆಸ್ಟ್ರೇಲಿಯಾ 2008ರಲ್ಲಿ ಇಂಥದ್ದೇ ರೆಡಿಮೇಡ್ ಪಾನೀಯಗಳ ಸುಂಕವನ್ನು ಶೇ. 70ರಷ್ಟು ಏರಿಸಿತು. ಜನ ಪೂರ್ತಿ ಬಾಟಲಿ ಸ್ಪಿರಿಟ್ ಕೊಂಡು ಮನೆಯಲ್ಲೇ ಬೆರೆಸಿಕೊಂಡರು.

ಇದು ನಮಗೇನು ಹೊಸದಲ್ಲ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಮುಂದೆ ಅಗ್ಗದ ವಿಸ್ಕಿ, ಬ್ರಾಂದಿ ಕ್ವಾರ್ಟರ್‌ಗಳ ಮಾರಾಟ ಏರಿತು. ನಮ್ಮ ಹಳ್ಳಿಯ ಕುಡುಕರಿಗೆ ಇದ್ದಕ್ಕಿದ್ದಂತೆ ಬ್ರಾಂದಿಯ ಅಭಿರುಚಿ ಹುಟ್ಟಿತು ಎಂದು ಇಲ್ಲಿ ಯಾರೂ ಬರೆಯಲಿಲ್ಲ. ಇಲ್ಲಿಯದು ಕಣ್ಣಿಗೆ ಕಾಣುತ್ತದೆ. ಅದೇ ಲಂಡನ್ನಿಂದ ಇಂಗ್ಲಿಷಿನಲ್ಲಿ ಬಂದರೆ ನಂಬಿಬಿಡುತ್ತೇವೆ.

ಈಗ ಅಮೆರಿಕದ ವಿಷಯ. ತುಮಕೂರಿನ ಅಡಿಕೆ ವ್ಯಾಪಾರಿಯೊಬ್ಬರ ಮಗ ನನ್ನ ಹತ್ತಿರ ಬರುತ್ತಾನೆ. ಚುರುಕು ಹುಡುಗ, ಮಾತು ಮಾತ್ರ ಸ್ವಲ್ಪ ಜಾಸ್ತಿ. ಟೆಕ್ಸಾಸ್ ರಾಜ್ಯದ ಡಾಲಸ್‌ನಲ್ಲಿ ಅವನ ಅಕ್ಕ-ಭಾವ ಇದ್ದಾರೆ. ಮಾವಿನಹಣ್ಣಿನ ರುಚಿಯ ಹಾರ್ಡ್ ಸೆಲ್ಟ್ಜರ್ ಮಾಡಿ ಅಲ್ಲಿಗೆ ಕಳಿಸುವುದು ಅವನ ಆಸೆ. ವೋಡ್ಕಾ ಹಾಕಿ ಮಾಡುತ್ತಾನಂತೆ, 'ಪ್ರೀಮಿಯಂ' ಆಗುತ್ತದಂತೆ. ಸೆಲ್ಟ್ಜರ್ ಅಂದರೆ ಗ್ಯಾಸ್ ತುಂಬಿದ, ಹಣ್ಣಿನ ಪರಿಮಳದ, ಶೇ. 5ರ ಆಸುಪಾಸಿನ ಕ್ಯಾನ್. ವೈಟ್ ಕ್ಲಾ ಎಂಬ ಸೆಲ್ಟ್ಜರ್ ಬ್ರ್ಯಾಂಡ್ 2016ರಲ್ಲಿ ಬಂತು, 2019ರ ಬೇಸಿಗೆಯಲ್ಲಿ ಸ್ಟಾಕ್ ಸಾಲದಷ್ಟು ಓಡಿತು. ಆಗ ಬಂದ ವರದಿಗಳೆಲ್ಲ ಹೇಳಿದ್ದು ನೂರು ಕ್ಯಾಲೊರಿ, ಆರೋಗ್ಯ, ಯುವಜನ ಅಂತ. ಸುಳ್ಳಲ್ಲ. ಆದರೆ ಒಂದು ಮಾತು ಬಿಟ್ಟುಹೋಗಿತ್ತು. ವೈಟ್ ಕ್ಲಾದಲ್ಲಿ ವೋಡ್ಕಾ ಇರಲಿಲ್ಲ. ಸಕ್ಕರೆ ಹುಳಿಸಿ ಮಾಡಿದ ಆಲ್ಕೋಹಾಲ್ ಅದು. ಹಾಗಾಗಿ ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಸುಂಕದ ಲೆಕ್ಕದಲ್ಲಿ ಅದು ಬಿಯರ್ ಗುಂಪಿಗೆ ಸೇರಿತು.

ಇದರಿಂದ ಏನಾಗುತ್ತದೆ ನೋಡಿ. ಫೆಡರಲ್ ಸುಂಕದ ಪೂರ್ತಿ ದರ ಬಿಯರ್‌ಗೆ ಒಂದು ಬ್ಯಾರಲ್ಲಿಗೆ (31 ಗ್ಯಾಲನ್) 18 ಡಾಲರ್. ಸ್ಪಿರಿಟ್‌ಗೆ ಒಂದು ಪ್ರೂಫ್ ಗ್ಯಾಲನ್ನಿಗೆ, ಅಂದರೆ ಶೇ. 50 ಆಲ್ಕೋಹಾಲ್ ಇರುವ ಒಂದು ಗ್ಯಾಲನ್ನಿಗೆ, 13.50. ಶೇ. 5ರ 12 ಔನ್ಸ್ ಕ್ಯಾನ್‌ಗೆ ಇಳಿಸಿದರೆ ಬಿಯರ್ ಲೆಕ್ಕದಲ್ಲಿ ಐದು ಸೆಂಟ್ ಚಿಲ್ಲರೆ, ಸ್ಪಿರಿಟ್ ಲೆಕ್ಕದಲ್ಲಿ ಸುಮಾರು 13 ಸೆಂಟ್. ಇದರ ಮೇಲೆ ರಾಜ್ಯಗಳ ತೆರಿಗೆ ಬೇರೆ. ಸಣ್ಣ ತಯಾರಕರಿಗೆ ಕಡಿಮೆ ದರಗಳೂ ಇವೆ, ಆದ್ದರಿಂದ ನಿಮ್ಮ ಲೆಕ್ಕಿಗರನ್ನು ಕೇಳದೆ ಮುಂದೆ ಹೋಗಬೇಡಿ. ಆದರೆ ಸುಂಕಕ್ಕಿಂತ ದೊಡ್ಡದು ಅಂಗಡಿ. ಬಿಯರ್ ಲೆಕ್ಕದ ಕ್ಯಾನ್ ಎಷ್ಟೋ ರಾಜ್ಯಗಳಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯಲ್ಲೂ, ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ವೋಡ್ಕಾ ಹಾಕಿದ ಕ್ಯಾನ್‌ಗೆ ಆ ಬಾಗಿಲು ಎಲ್ಲೆಡೆ ತೆರೆದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಸ್ಪಿರಿಟ್ ಮಾರುವುದು ರಾಜ್ಯ ಸರ್ಕಾರದ್ದೇ ಅಂಗಡಿ. ಅಲ್ಲಿ ಸ್ಪಿರಿಟ್ ಇರುವ ಕ್ಯಾನ್‌ಗಳನ್ನು ಪರವಾನಗಿ ಇರುವ ಬೇರೆ ಅಂಗಡಿಗಳಲ್ಲೂ ಮಾರಲು 2024ರಲ್ಲಿ ಕಾನೂನು ಮಾಡಬೇಕಾಯಿತು. ಇಂಥ ಕಡೆ ಮಾರಾಟ ಏರಿದರೆ ಅದಕ್ಕೆ ಮೊದಲ ಕಾರಣ ಅಂಗಡಿ. ನಾಲಿಗೆ ಆಮೇಲೆ.

ಹುಡುಗನಿಗೆ ಇನ್ನೊಂದನ್ನೂ ಹೇಳಿದೆ. 2021ರಲ್ಲಿ ಸೆಲ್ಟ್ಜರ್ ಓಟ ನಿಧಾನವಾಯಿತು. 'ಟ್ರೂಲಿ' ಎಂಬ ಸೆಲ್ಟ್ಜರ್ ಮಾಡುವ ಬೋಸ್ಟನ್ ಬಿಯರ್ ಕಂಪನಿ ಗೆರೆ ಹೀಗೇ ಏರುತ್ತದೆ ಎಂದು ನಂಬಿ ತಯಾರಿಸಿತ್ತು. ಕೊನೆಗೆ ಲಕ್ಷಗಟ್ಟಲೆ ಕೇಸ್‌ಗಳನ್ನು ನಾಶ ಮಾಡಬೇಕಾಯಿತು. ಅವರಿಗೆ ಆ ನಷ್ಟ ತಡೆದುಕೊಳ್ಳುವ ಶಕ್ತಿ ಇತ್ತು. ನಮ್ಮ ಹುಡುಗನ ಅಪ್ಪ ಅಡಿಕೆ ಮಾರಿ ಕೊಡುವ ದುಡ್ಡಿಗೆ ಅದು ಇಲ್ಲ.

ಹಾಗಂತ ರುಚಿ ಬದಲಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬದಲಾಗುತ್ತದೆ. ಅದನ್ನು ಗುರುತಿಸುವುದಕ್ಕೆ ನನ್ನ ಬಳಿ ಒರಟಾದ ಒಂದು ಅಳತೆ ಇದೆ. ಸುಂಕ ಅಲುಗಾಡದೆ, ಅಂಗಡಿ ಬದಲಾಗದೆ, ಮಾರಾಟ ವರ್ಷಗಟ್ಟಲೆ ಒಂದೇ ಕಡೆ ಸಾಗುತ್ತಿದೆಯಾ? ಹಾಗಿದ್ದರೆ ಜನ ಬದಲಾಗಿದ್ದಾರೆ. ಫ್ರಾನ್ಸಿನ ವೈನ್ ಅದಕ್ಕೆ ಉದಾಹರಣೆ. ಅಲ್ಲಿ ವೈನ್ ಸುಂಕ ಲೀಟರಿಗೆ ಸುಮಾರು ನಾಲ್ಕು ಸೆಂಟ್, ಲೆಕ್ಕಕ್ಕೇ ಬಾರದಷ್ಟು. ಆದರೂ 1960ರ ಸುಮಾರಿಗೆ ತಲೆಗೆ ವರ್ಷಕ್ಕೆ ನೂರು ಲೀಟರ್ ದಾಟಿದ್ದ ವೈನ್ ಈಗ ನಲವತ್ತರ ಆಸುಪಾಸಿಗೆ ಇಳಿದಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದ ಜೊತೆ ವೈನ್ ಕೊಡಬಾರದು ಎಂದು 1956ರಲ್ಲಿ ಆದೇಶ ಹೊರಡಿಸಬೇಕಾಗಿ ಬಂದಿದ್ದ ದೇಶ ಅದು! ಮಧ್ಯಾಹ್ನದ ಉದ್ದನೆಯ ಊಟ ಹೋಯಿತು. ಊಟದ ಜೊತೆಗಿನ ಕೆಂಪು ವೈನೂ ಹೋಯಿತು. ಅಲ್ಲಿನ ಹೆಸರಾಂತ ವೈನ್ ಸೀಮೆ ಬೋರ್ಡೋದಲ್ಲಿ ಸರ್ಕಾರವೇ ದುಡ್ಡು ಕೊಟ್ಟು ದ್ರಾಕ್ಷಿ ಬಳ್ಳಿ ಕೀಳಿಸುತ್ತಿದೆ. ಇಂಥದ್ದಕ್ಕೆ ಹೆದರಬೇಕು. ಇದು ಮುಂದಿನ ಬಜೆಟ್ಟಿನಲ್ಲಿ ವಾಪಸ್ ಬರುವುದಿಲ್ಲ.

ಗಿನ್ನೆಸ್ 0.0 ಎಂಬ ಆಲ್ಕೋಹಾಲ್ ತೆಗೆದ ಕಪ್ಪು ಬಿಯರ್ ಇನ್ನೊಂದು ಉದಾಹರಣೆ. ಡಬ್ಲಿನ್‌ನಲ್ಲಿ ಮಾಮೂಲಿ ಗಿನ್ನೆಸ್ ತಯಾರಿಸಿ, ಆಮೇಲೆ ಶೋಧಿಸಿ ಆಲ್ಕೋಹಾಲ್ ತೆಗೆಯುತ್ತಾರೆ. ಬ್ರಿಟನ್ನಿನಲ್ಲಿ ಅದಕ್ಕೆ ಮದ್ಯದ ಸುಂಕವೇ ಇಲ್ಲ. ಹಾಗಿದ್ದರೂ ಅದೇನು ಅಗ್ಗದ ಪಾನೀಯವಲ್ಲ. ಅಮಲಿಲ್ಲದ್ದಕ್ಕೂ ಜನ ಒಳ್ಳೆಯ ದುಡ್ಡು ಕೊಟ್ಟು ಕುಡಿಯುತ್ತಾರೆ ಅಂದರೆ, ಅಲ್ಲಿ ಬದಲಾದದ್ದು ಗೆಜೆಟ್ ಅಲ್ಲ. ಅಮೆರಿಕದಲ್ಲಿ ಗ್ಯಾಲಪ್ ಎಂಬ ಸರ್ವೆ ಸಂಸ್ಥೆಯವರು 2025ರಲ್ಲಿ ಕೇಳಿದಾಗ 'ನಾನು ಕುಡಿಯುತ್ತೇನೆ' ಎಂದವರು ಶೇ. 54. ಅವರು 1939ರಲ್ಲಿ ಈ ಪ್ರಶ್ನೆ ಕೇಳಲು ಶುರು ಮಾಡಿದ ಮೇಲೆ ಇದೇ ಅತಿ ಕಡಿಮೆ. ಇದನ್ನೂ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಕುಡಿಯುತ್ತೇನೆ ಅಂತ ಸರ್ವೆಯವರಿಗೆ ಹೇಳುವುದೂ, ಶನಿವಾರ ಸಂಜೆ ಕುಡಿಯುವುದೂ ಒಂದೇ ಅಲ್ಲ. ನಮ್ಮಲ್ಲೂ ಗೊತ್ತಲ್ಲ!

ಜಿನ್ ಹುಡುಗರಿಗೂ ಒಂದು ಮಾತು. ಲಂಡನ್ನಿನ ಜಿನ್ ಅಲೆ ನೋಡಿ ನೀವು ಡಿಸ್ಟಿಲರಿ ಕಟ್ಟಿದ್ದೀರಿ. ಸಂತೋಷ. ಆ ಅಲೆ ಎದ್ದದ್ದರ ಹಿಂದೆಯೂ ಒಂದು ಕಡತ ಇದೆ. ಸಣ್ಣ ಭಟ್ಟಿಗೆ ಅಲ್ಲಿನ ತೆರಿಗೆ ಇಲಾಖೆ ಪರವಾನಗಿ ಕೊಡುತ್ತಿರಲಿಲ್ಲ. ಸಿಪ್‌ಸ್ಮಿತ್ ಎಂಬ ಕಂಪನಿ ಹಟ ಹಿಡಿದು 2009ರಲ್ಲಿ ಅದನ್ನು ಪಡೆಯಿತು. ಆ ಬಾಗಿಲಿನಿಂದ ಊರೂರಿನ ಸಣ್ಣ ಡಿಸ್ಟಿಲರಿಗಳು ಬಂದವು. ಈಗ ಅಲ್ಲಿ ಶೆಲ್ಫ್ ತುಂಬಿದೆ. ನೀವು ತಡವಾಗಿ ಹೋಗುತ್ತಿದ್ದೀರಿ, ಅಷ್ಟೇ.

ಯುರೋಪಿಗೆ ವಿಸ್ಕಿ ಕಳಿಸುತ್ತೇನೆ ಅನ್ನುವವರಿಗೆ ಇನ್ನೂ ಚಿಕ್ಕ ಉತ್ತರ. ಕಾಕಂಬಿಯ ಸ್ಪಿರಿಟ್ ಬೆರೆಸಿದ್ದನ್ನು ಅಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ. ಧಾನ್ಯದ್ದೇ ಆಗಬೇಕು, ಮರದ ಪೀಪಾಯಿಯಲ್ಲಿ ಮೂರು ವರ್ಷ ಇರಬೇಕು. ಬೆಂಗಳೂರಿನ ಅಮೃತ್‌ನವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ನೇರವಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೇ ಒಯ್ದರು. ಬಾರ್ಲಿಯದು. ನಿಯಮ ಓದಿಕೊಂಡು ಹೋದವರು. ಹೆಸರು ಬರಲು ವರ್ಷಗಳೇ ಹಿಡಿದವು. ಆ ವರ್ಷದ ಗ್ರಾಫ್ ನೋಡಿ ಹೊರಟಿದ್ದರೆ ಅವರು ವಿಸ್ಕಿ ಬಿಟ್ಟು ಬಣ್ಣದ ವೋಡ್ಕಾ ಕಳಿಸುತ್ತಿದ್ದರೋ ಏನೋ.

ಸೆಲ್ಟ್ಜರ್ ಹುಡುಗ ಮೊನ್ನೆ ಫೋನ್ ಮಾಡಿದ್ದ. ವೋಡ್ಕಾ ಹಾಕಿದ್ದನ್ನು ಟೆಕ್ಸಾಸ್‌ನಲ್ಲಿ ದಿನಸಿ ಅಂಗಡಿಯವರು ಇಡುವಂತಿಲ್ಲ, ಲಿಕ್ಕರ್ ಅಂಗಡಿ ಭಾನುವಾರ ಮುಚ್ಚಿರುತ್ತದೆ ಎಂದು ಅವನ ಭಾವನೇ ಹೇಳಿದರಂತೆ. "ಹಾಗಾದ್ರೆ ಸಕ್ಕರೆ ಹುಳಿಸಿಯೇ ಮಾಡ್ಲಾ ಸರ್? ಆಗ ಮಾವಿನ ವಾಸನೆ ನಿಲ್ಲುತ್ತಾ?" ಎಂದ. ವಾಸನೆಯ ವಿಷಯ ಬ್ರೂವರ್‌ನ ಕೇಳು, ಮೊದಲು ಒಬ್ಬ ಆಮದುದಾರನನ್ನು ಹುಡುಕು, ಅವನ ಹತ್ತಿರ ಯಾವ ಯಾವ ಲೈಸೆನ್ಸ್ ಇದೆ ಅಂತ ಬರೆದುಕೊಂಡು ಬಾ ಎಂದೆ. ಶುಕ್ರವಾರ ಬರುತ್ತೇನೆ ಅಂದಿದ್ದಾನೆ. ಸ್ಲೈಡ್ ತರಬೇಡ ಎಂದು ಹೇಳಿದ್ದೇನೆ.