ನೇರಳೆ ಹಣ್ಣಿನಷ್ಟು ಗಂಟು

ಹಸುಗೂಸು ಕುಡಿದ ಹಾಲನ್ನು ಕಕ್ಕುವುದು ಮನೆಮನೆಯ ಸಂಗತಿ; ತೇಗಿಸಿ ಮಲಗಿಸಿದರೆ ಸಾಕೆಂದು ಹಿರಿಯರು ಹೇಳುವುದು ಬಹುಪಾಲು ಸರಿಯೇ. ಆದರೆ ಹುಟ್ಟಿ ಮೂರರಿಂದ ಆರು ವಾರಗಳಾದ ಮಗು, ಅದರಲ್ಲೂ ಗಂಡುಮಗು, ಹಾಲು ಕುಡಿದಾಗಲೆಲ್ಲ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮರುಕ್ಷಣವೇ ಹಸಿವಿನಿಂದ ಅಳುತ್ತ, ದಿನೇ ದಿನೇ ಸೊರಗುತ್ತಿದ್ದರೆ, ಜಠರದ ಹೊರಬಾಗಿಲಾದ ಪೈಲೋರಸ್‌ನ ಸ್ನಾಯು ದಪ್ಪಗಾಗಿ ಹಾಲಿನ ದಾರಿಯನ್ನು ಕಟ್ಟಿದೆಯೇ ಎಂದು ನೋಡಬೇಕಾಗುತ್ತದೆ.

ಕೋಪನ್‌ಹೇಗನ್‌ನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಶ್‌ಸ್ಪ್ರಂಗ್ 1888ರಲ್ಲಿ ಎರಡು ಶಿಶುಗಳ ವಿವರವನ್ನು ಪ್ರಕಟಿಸಿದ ಮೇಲೆ ಈ ಕಾಯಿಲೆಗೆ ಸ್ಪಷ್ಟ ರೂಪ ಬಂತು. ಅವರು ಅದನ್ನು ಜನ್ಮಜಾತವೆಂದೇ ಬಗೆದಿದ್ದರು. ಹುಟ್ಟುವಾಗ ಸಹಜವಾಗಿದ್ದ ಸ್ನಾಯು ಆಮೇಲೆ ದಪ್ಪಗಾಗುತ್ತದೆಂಬುದು ತಿಳಿಯಲು ದಶಕಗಳೇ ಹಿಡಿದವು. ಜಠರವನ್ನು ಕರುಳಿಗೆ ನೇರವಾಗಿ ಜೋಡಿಸುವ ಆರಂಭದ ಶಸ್ತ್ರಕ್ರಿಯೆಗಳಲ್ಲಿ ಬಹಳ ಮಕ್ಕಳು ಉಳಿಯಲಿಲ್ಲ. 1911ರಲ್ಲಿ ಜರ್ಮನಿಯ ಕಾನ್ರಾಡ್ ರಾಮ್‌ಸ್ಟೆಟ್ ಸ್ನಾಯುವನ್ನು ಸೀಳಿ ಹೊಲಿಯಹೊರಟಾಗ ಹೊಲಿಗೆ ನಿಲ್ಲದೆ ಕಿತ್ತುಬಂತು. ಸೀಳನ್ನು ಹಾಗೆಯೇ ಬಿಟ್ಟರೂ ಮಗು ಚೇತರಿಸಿಕೊಂಡಿತು. ಮುಂದಿನ ಸಲ ಅವರು ಹೊಲಿಯುವ ಗೋಜಿಗೇ ಹೋಗಲಿಲ್ಲ. ಇಂದಿಗೂ ನಡೆಯುವುದು ಅದೇ ಶಸ್ತ್ರಕ್ರಿಯೆ.

ಚಿಕಿತ್ಸೆ ಹೀಗೆ ಬೇಗ ನೆಲೆಗೊಂಡರೂ ರೋಗವನ್ನು ಗುರುತಿಸುವ ಕೆಲಸ ಬಹುಕಾಲ ಬೆರಳ ತುದಿಯಲ್ಲೇ ಉಳಿಯಿತು. ಮಗುವಿನ ಜಠರವನ್ನು ಖಾಲಿ ಮಾಡಿ, ಅಳು ನಿಂತು ಹೊಟ್ಟೆ ಮೆತ್ತಗಾಗುವವರೆಗೆ ಕಾದು, ಯಕೃತ್ತಿನ ಅಂಚಿನ ಕೆಳಗೆ, ಮಧ್ಯರೇಖೆಯ ಬಲಕ್ಕೆ ಒತ್ತಿದರೆ ಗಟ್ಟಿಯಾದ, ಜಾರುವ ಗಂಟೊಂದು ಸಿಗುತ್ತಿತ್ತು. ಪಠ್ಯಪುಸ್ತಕಗಳು ಅದನ್ನು ಆಲಿವ್‌ಗೆ ಹೋಲಿಸುತ್ತವೆ. ನಮ್ಮ ಕಡೆಯವರಿಗೆ ನೇರಳೆ ಹಣ್ಣು ಎಂದರೆ ಹೆಚ್ಚು ತಿಳಿದೀತು. ಗಂಟು ಕೈಗೆ ಸಿಗದಿದ್ದರೆ ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ಬೇರಿಯಂ ದ್ರವ ಕುಡಿಸಿ ಚಿತ್ರ ತೆಗೆದು, ದಾರದಂತೆ ಕಿರಿದಾದ ಹಾದಿಯನ್ನು ಹುಡುಕುತ್ತಿದ್ದರು.

1977ರಲ್ಲಿ ಅಲ್ಟ್ರಾಸೌಂಡ್‌ನಿಂದ ಈ ಸ್ನಾಯುವನ್ನು ನೋಡಬಹುದೆಂಬ ವರದಿ ಬಂದ ಮೇಲೆ ಲೆಕ್ಕ ಬದಲಾಯಿತು. ಸ್ನಾಯುವಿನ ದಪ್ಪ ಸುಮಾರು 3 ಮಿಲಿಮೀಟರ್ ದಾಟಿದರೆ ರೋಗ ಬಹುಮಟ್ಟಿಗೆ ಖಚಿತ. ಮಗು ಒಣಗುವ ಮುನ್ನವೇ, ವಾಂತಿಯಲ್ಲಿ ಆಮ್ಲ ಕಳೆದು ರಕ್ತದ ಲವಣಗಳು ಏರುಪೇರಾಗುವ ಮುನ್ನವೇ ರೋಗ ಪತ್ತೆಯಾಗತೊಡಗಿತು. ಇದಕ್ಕೆ ತೆತ್ತ ಬೆಲೆಯೆಂದರೆ, ಆ ಗಂಟನ್ನು ಬೆರಳಿನಿಂದಲೇ ಹಿಡಿಯಬಲ್ಲ ವೈದ್ಯರು ವಿರಳವಾದರು. ನನ್ನ ದೃಷ್ಟಿಯಲ್ಲಿ ಅದು ಹೆಚ್ಚಿನ ಬೆಲೆಯೇನಲ್ಲ.

ಯಂತ್ರ ಬಂದರೂ ಹಳೆಯ ಒಂದು ಪ್ರಶ್ನೆಯನ್ನು ವೈದ್ಯರು ತಾಯಿಯನ್ನೇ ಕೇಳುತ್ತಾರೆ: ವಾಂತಿಯ ಬಣ್ಣವೇನು? ಪೈಲೋರಸ್ ಕಟ್ಟಿದ್ದರೆ ಅದರಾಚೆ ಕರುಳಿಗೆ ಸುರಿಯುವ ಹಸಿರು ಪಿತ್ತ ಮೇಲೆ ಬರಲಾರದು, ಬರಿಯ ಹಾಲೇ ಬರುತ್ತದೆ. ಹಸಿರಾಗಿದ್ದರೆ ತಡೆ ಇನ್ನೂ ಕೆಳಗಿರಬಹುದು. ಕರುಳು ತಿರುಚಿಕೊಂಡು ರಕ್ತಸಂಚಾರ ನಿಂತಿದ್ದರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯುವುದರಿಂದ, ಅಂಥ ಮಗುವನ್ನು ಬೆಳಗಾಗುವವರೆಗೆ ಕಾಯಿಸುವಂತಿಲ್ಲ.