ಸ್ವಿಚ್ಚಿನಲ್ಲಿ 78 ಇದೆ, ಸೂಜಿಯಲ್ಲಿ ಇದೆಯೇ?

ಪ್ರಶ್ನೆ: ಸಿರುಗುಪ್ಪದ ಹತ್ತಿರದ ನಮ್ಮ ಹಳೆ ಮನೆಯ ಅಟ್ಟದಲ್ಲಿ ಅಜ್ಜನ ಟ್ರಂಕು ಸಿಕ್ಕಿತು. ಒಳಗೆ ಮೂವತ್ತಕ್ಕೂ ಹೆಚ್ಚು ಹಾಡಿನ ಪ್ಲೇಟುಗಳಿವೆ. ಕೆಲವು ಕಡಪ ಕಲ್ಲಿನಂತೆ ಭಾರ, ಕೆಲವು ಹಗುರ. ಸೂಟ್‌ಕೇಸಿನಂಥ ಒಂದು ರೆಕಾರ್ಡ್ ಪ್ಲೇಯರನ್ನು ಆನ್‌ಲೈನಿನಲ್ಲಿ ತರಿಸಿದ್ದೇನೆ. ಅದರಲ್ಲಿ 33, 45, 78 ಮೂರೂ ಸ್ಪೀಡು ಇವೆ. ಎಲ್ಲ ಪ್ಲೇಟುಗಳನ್ನೂ ಅದರಲ್ಲೇ ಹಾಕಬಹುದೇ?

ಉತ್ತರ: ಹಗುರವಾದವನ್ನು ಒರೆಸಿ ಹಾಕಿ ಕೇಳಿ. ಭಾರದವನ್ನು ಸದ್ಯಕ್ಕೆ ಮುಟ್ಟಬೇಡಿ, ಅವು ಬಹುತೇಕ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಪ್ಲೇಟುಗಳು. ಇಂಥ ಅಗ್ಗದ ಪ್ಲೇಯರುಗಳಲ್ಲಿ 78ರ ಸ್ಪೀಡು ಕೊಟ್ಟಿರುತ್ತಾರೆ, 78ರ ಸೂಜಿ ಮಾತ್ರ ಸಾಮಾನ್ಯವಾಗಿ ಕೊಟ್ಟಿರುವುದಿಲ್ಲ.

ಈ ವ್ಯತ್ಯಾಸ ನನಗೆ ಗೊತ್ತಾದದ್ದು ಬಳ್ಳಾರಿಯ ಕೌಲ್‌ಬಜಾರಿನ ಒಂದು ಅಂಗಡಿಯಲ್ಲಿ. ಹೊರಗಡೆ ಮಿಕ್ಸರ್ ರಿಪೇರಿ, ಒಳಗೆ ಸೂರಿನ ತನಕ ಪ್ಲೇಟು. ಕೀಲಿ ಕೊಡುವ ಗ್ರಾಮಫೋನು ಕಂಡ ಖುಷಿಯಲ್ಲಿ ನಾನು ಕೈಗೆ ಸಿಕ್ಕ ಎಲ್‌ಪಿಯೊಂದನ್ನು, ಅಂದರೆ 33ರ ಸ್ಪೀಡಿನ ಹಗುರ ಪ್ಲೇಟೊಂದನ್ನು, ಅದರ ಮೇಲಿಡಲು ಹೋದೆ. ಅಂಗಡಿಯ ಚಾಚಾ ಕೈ ಹಿಡಿದರು: "ಬ್ಯಾಡ್ರಿ! ಅದು ಸೂಜಿ ಅಲ್ಲ, ನೇಗಿಲ. ಹೊಲ ಉತ್ತಂಗ ಉತ್ತು ಬಿಡ್ತೈತಿ."

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಆ ಗ್ರಾಮಫೋನಿನ ತಲೆ ಪ್ಲೇಟಿನ ಮೇಲೆ ನೂರು ಗ್ರಾಂಗೂ ಹೆಚ್ಚು ಭಾರ ಹಾಕುತ್ತದೆ. ಈಗಿನ ಪ್ಲೇಯರಿನ ಸೂಜಿಯ ಭಾರ ಕೆಲವೇ ಗ್ರಾಂ. ಆ ಉಕ್ಕಿನ ಸೂಜಿಯನ್ನು ಪ್ರತಿ ಬದಿಗೂ ಬದಲಿಸಬೇಕಿತ್ತು. ಭಾರದ ಪ್ಲೇಟಿನ ಮಿಶ್ರಣದಲ್ಲೇ ಕಲ್ಲಿನ ಪುಡಿ ಸೇರಿರುತ್ತದೆ. ಮೊದಲ ಕೆಲವು ಸುತ್ತಿನಲ್ಲಿ ಅದು ಸೂಜಿಯ ಮೊನೆಯನ್ನು ತೇಯ್ದು ತನ್ನ ಗೆರೆಗೆ ಹೊಂದಿಸಿಕೊಳ್ಳುತ್ತದೆ. ಅಂದರೆ ಅಲ್ಲಿ ಸವೆಯಬೇಕಾದದ್ದು ಸೂಜಿ. ಮೆತ್ತನೆಯ ಎಲ್‌ಪಿ ಇಟ್ಟರೆ ಸವೆಯುವುದು ಹಾಡು.

ಆ ಮಿಶ್ರಣವನ್ನು ಹಿಡಿದಿಟ್ಟಿರುವುದು ಯಾವುದು ಗೊತ್ತೇ? ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯದೂ ಅದೇ ಅರಗು, ಬಳೆಯದೂ ಅದೇ. ಮರದ ರೆಂಬೆಗಳ ಮೇಲೆ ಒಂದು ಪುಟ್ಟ ಕೀಟ ಒಸರುವ ಅಂಟು ಅದು. ಒಂದು ಕಾಲಕ್ಕೆ ಜಗತ್ತಿನ ಪ್ಲೇಟುಗಳಿಗೆಲ್ಲ ಬಹುಪಾಲು ಅರಗು ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಎಲ್‌ಪಿ ಬಂದದ್ದು 1948ರಲ್ಲಿ, 45ರ ಸಣ್ಣ ಪ್ಲೇಟು ಮರುವರ್ಷ. ಅವು ವಿನೈಲ್‌ನವು. ವಿನೈಲ್ ಎಂದರೆ ಬೋರ್‌ವೆಲ್ಲಿನ ಪಿವಿಸಿ ಪೈಪಿನ ದಾಯಾದಿ.

ಈಗ ಸೂಜಿಗೆ ಬರೋಣ. 78ರ ಗೆರೆ ಅಗಲ. ಅದಕ್ಕೆ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದುಂಡಗಿನ ಮೊನೆ ಬೇಕು. ಎಲ್‌ಪಿಯ ಸೂಜಿಯ ಮೊನೆ 18ರಿಂದ 25 ಮೈಕ್ರಾನ್. ಈ ಸಣ್ಣ ಮೊನೆಯನ್ನು ಅರಗಿನ ಪ್ಲೇಟಿನ ಮೇಲೆ ಬಿಟ್ಟರೆ ಅದು ಗೆರೆಯ ಗೋಡೆಗಳನ್ನು ಮುಟ್ಟದೆ ತಳದಲ್ಲಿ ಹೊಯ್ದಾಡುತ್ತದೆ. ನಿಮಗೆ ಕೇಳಿಸುವುದು ತಳದ ಕಸದ ಚರಚರ, ಹಾಡು ಎಲ್ಲೋ ದೂರದಲ್ಲಿ. ಜೊತೆಗೆ ಸೂಜಿಯೂ ಬೇಗ ಹಾಳು. ಆಮೇಲೆ ಅದೇ ಸೂಜಿಯನ್ನು ಎಲ್‌ಪಿ ಮೇಲಿಟ್ಟರೆ ಅದೂ ಹೋಯಿತು. ಹಳೆ ಮನೆಗಳ ಎಷ್ಟೋ ಪ್ಲೇಯರುಗಳಲ್ಲಿ ತೋಳಿನ ತುದಿಗೆ ತಿರುಗಿಸುವ ಕಿವಿ ಇರುತ್ತಿತ್ತು: ಒಂದು ಬದಿ ಎಲ್‌ಪಿಗೆ, ಇನ್ನೊಂದು 78ಕ್ಕೆ. ಈ ವಿಷಯದಲ್ಲಿ ಆ ಡಬ್ಬಗಳೇ ಈಗಿನ ಸೂಟ್‌ಕೇಸುಗಳಿಗಿಂತ ಜಾಣ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪ್ಲೇಯರಿನ ಕಾರ್ಟ್ರಿಜ್ಜಿಗೆ (ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಭಾಗ) ಕೂರುವ 78ರ ಸೂಜಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಕ್ಕರೆ ನಿಮ್ಮ ಸಮಸ್ಯೆ ಅಲ್ಲಿಗೆ ಮುಗಿಯಿತು.

ಯಾವುದು ಯಾವುದೆಂದು ಗುರುತಿಸುವುದು ಕಷ್ಟವಲ್ಲ. ಹತ್ತು ಇಂಚಿನದಾಗಿದ್ದು, ಬದಿಗೊಂದೇ ಹಾಡು, ಅದೂ ಮೂರು ಮೂರೂವರೆ ನಿಮಿಷದ್ದಾದರೆ ಬಹುತೇಕ ಅರಗಿನದು. ಬೆರಳುಗುರಿನಿಂದ ಮೆಲ್ಲಗೆ ತಟ್ಟಿದರೆ ಪಿಂಗಾಣಿ ತಟ್ಟೆಯ ಸದ್ದು ಬರುತ್ತದೆ. ಮೆಲ್ಲಗೆ ಎಂದೆ, ನೆನಪಿರಲಿ. ಕೈಜಾರಿದರೆ ಪಿಂಗಾಣಿಯಂತೆಯೇ ಚೂರಾಗುತ್ತದೆ.

ಒರೆಸುವಾಗ ಬಹಳ ಜನ ತಪ್ಪುತ್ತಾರೆ. ಮೊಬೈಲ್ ಪರದೆಗೆ ಹಚ್ಚುವ ಹಾಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತೆಗೆದುಕೊಳ್ಳುತ್ತಾರೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಬಾಗಿಲಿಗೆ ಪಾಲಿಶ್ ತಯಾರಿಸುವುದೇ ಹಾಗೆ. ಒಂದೇ ಸಲ ಉಜ್ಜಿದರೂ ಗೆರೆಗಳು ಮಾಸುತ್ತವೆ. ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬಟ್ಟೆ ಸಾಕು. ಗೆರೆಯ ಗುಂಟ ಒರೆಸಿ, ಅಡ್ಡಡ್ಡ ಬೇಡ. ನಡುವಿನ ಕಾಗದದ ಲೇಬಲ್ಲಿಗೆ ನೀರು ತಾಗದಿರಲಿ. ಸಂಡೂರಿನ ಕಡೆಯ ಕೆಂಪು ಧೂಳಿನ ಪರಿಚಯ ನಿಮಗಿದ್ದೇ ಇರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಲೇಬಲ್ಲುಗಳನ್ನು ಓದುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. 1953ರ ತನಕ ಬಳ್ಳಾರಿ ಇದ್ದದ್ದು ಮದ್ರಾಸಿನ ಕಡೆ, ಹೊಳೆಯಾಚೆಯ ರಾಯಚೂರು 1956ರ ತನಕ ಹೈದರಾಬಾದಿನ ಕಡೆ. ಹಾಗಾಗಿ ನಿಮ್ಮ ಟ್ರಂಕಿನಲ್ಲಿ ಕನ್ನಡದ ರಂಗಗೀತೆಯ ಕೆಳಗೆ ತೆಲುಗು ನಾಟಕದ ಪದ್ಯ, ಅದರ ಕೆಳಗೆ ಉರ್ದು ಕವ್ವಾಲಿ ಸಿಕ್ಕರೆ ಆಶ್ಚರ್ಯಪಡಬೇಡಿ. 'ಗಾಂಧಾರಿ ಹಾನಗಲ್' ಎಂಬ ಹೆಸರು ಕಂಡರೆ ಬದಿಗೆತ್ತಿಡಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳ ಮೇಲೆ ಇದ್ದ ಹೆಸರು ಅದು. ನಾಟಕದ ಪ್ಲೇಟುಗಳಿದ್ದರೆ ಭಾಗ 1, ಭಾಗ 2 ಎಂದು ಹೊಂದಿಸಿ ನೋಡಿ. ಮೂರು ಮೂರು ನಿಮಿಷಕ್ಕೆ ಕತ್ತರಿಸಿದ ಕಥೆಯಲ್ಲಿ ಒಂದು ಪ್ಲೇಟು ಕಳೆದರೂ ರಾಜ ಯಾಕೆ ಅಳುತ್ತಿದ್ದಾನೆ ಎಂದು ತಿಳಿಯುವುದಿಲ್ಲ.

ಟ್ರಂಕಿನ ತಳದಲ್ಲಿ ಬಯಲಾಟದ ಕ್ಯಾಸೆಟ್ಟುಗಳೂ ಇದ್ದರೆ ಬಿಳಿ ಬೂಷ್ಟು ಹಿಡಿದಿದೆಯೇ ಎಂದು ಮೊದಲು ನೋಡಿ. ಹಿಡಿದದ್ದನ್ನು ಟೇಪ್ ರೆಕಾರ್ಡರಿಗೆ ಹಾಕಲೇಬೇಡಿ. ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ಅಂಟುತ್ತದೆ.

ಪ್ಲೇಟುಗಳನ್ನು ಯಾರಿಗಾದರೂ ತೋರಿಸಲು ಬಳ್ಳಾರಿಗೆ ತರುವುದಾದರೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು ಬನ್ನಿ, ಒಂದರ ಮೇಲೊಂದು ಪೇರಿಸಬೇಡಿ. ಮಧ್ಯಾಹ್ನ ಮಾತ್ರ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟಗಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಸಂಜೆ ಆರರ ಮೇಲೆ ಹೊರಡಿ.