ಹುಳ ಬಿದ್ದಿದೆ ಅಂತ ಫೋನ್ ಮಾಡುವ ಮುಂಚೆ

ಮಳೆ ಶುರುವಾಗಿ ಮೂರು ವಾರ ಕಳೆದರೆ ಸಾಕು, ನನ್ನ ಫೋನ್‌ಗೆ ಬಿಡುವೇ ಇರುವುದಿಲ್ಲ. "ನೀವು ನೆಟ್ಟ ಗಿಡಕ್ಕೆ ಹುಳ ಬಿದ್ದಿದೆ, ಬಂದು ಔಷಧಿ ಹೊಡೀರಿ." ಮೈಸೂರು, ಮಂಡ್ಯದ ಮನೆಗಳಿಗೂ ತೋಟಗಳಿಗೂ ಇಲ್ಲಿನದೇ ಗಿಡಮರ ನೆಟ್ಟುಕೊಡುವುದು ನನ್ನ ಕೆಲಸ. ಈ ಫೋನ್ ಬಾರದ ಮಳೆಗಾಲ ಒಂದನ್ನೂ ನಾನು ಕಂಡಿಲ್ಲ.

ಮೊದಲ ದಿನ ಎಲ್ಲರೂ ಕೇಳುವುದು ಒಂದೇ. "ಚಿಟ್ಟೆ ಬರಬೇಕು, ಹಕ್ಕಿ ಬರಬೇಕು." ಕೇಳಿ ಖುಷಿಯಾಗುತ್ತದೆ. ಸೈಟಿನ ಅಳತೆ ನೋಡಿಕೊಂಡು ಕರಿಬೇವು, ನಿಂಬೆ, ಕಕ್ಕೆ, ತಂಗಡಿ, ಲಕ್ಕಿ ಅಂತ ಬರೆದುಕೊಡುತ್ತೇನೆ. ಜಾಗ ಜಾಸ್ತಿ ಇದ್ದರೆ ಹೊಂಗೆ, ಅತ್ತಿ. ಆದರೆ ಚಿಟ್ಟೆ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದು ಹುಳದಿಂದಲೇ ಬರಬೇಕು. ಬೇರೆ ದಾರಿ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಕರಂದ ಕುಡಿಯಲು ಚಿಟ್ಟೆ ಎಷ್ಟೋ ಬಗೆಯ ಹೂವಿಗೆ ಹೋಗುತ್ತದೆ. ಮೊಟ್ಟೆ ಇಡುವುದಕ್ಕೆ ಹಾಗಲ್ಲ. ಪ್ರತಿ ಗಿಡವೂ ತನ್ನ ಎಲೆಯಲ್ಲಿ ಒಂದೊಂದು ಬಗೆಯ ಕಹಿ, ಘಾಟು, ವಿಷ ಇಟ್ಟುಕೊಂಡಿರುತ್ತದೆ. ಅದನ್ನು ಅರಗಿಸಿಕೊಳ್ಳಲು ಕಲಿತ ಹುಳ ಮಾತ್ರ ಅದನ್ನು ತಿನ್ನಬಲ್ಲದು. ಆ ಕಲಿಕೆಗೆ ಹಿಡಿದ ಕಾಲ ಬಲು ದೊಡ್ಡದು. ಎಕ್ಕದ ಹಾಲು ನಮಗೆ ವಿಷ, ಆದರೆ ಒಂದು ಕಿತ್ತಳೆ ಬಣ್ಣದ ಚಿಟ್ಟೆಯ ಮರಿಗೆ ಎಕ್ಕದ ಎಲೆಯೇ ಊಟ. ನಿಂಬೆ, ಕರಿಬೇವು, ಬಿಲ್ವಕ್ಕೆ ಬರುವ ಚಿಟ್ಟೆ ಕಕ್ಕೆಗೆ ಬರುವುದಿಲ್ಲ. ಕಕ್ಕೆಯದು ಎಕ್ಕಕ್ಕೆ ಬರುವುದಿಲ್ಲ. ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದರೆ ಕೆಂಪು ಮೈಯ ಕಪ್ಪು ಚಿಟ್ಟೆ ಬರುವ ಸಾಧ್ಯತೆ ಇದೆ. ನಮ್ಮ ರಾಜ್ಯದ ಚಿಟ್ಟೆ, ಆ ದೊಡ್ಡ ಹಳದಿ-ಕಪ್ಪು ರೆಕ್ಕೆಯದ್ದು, ಮೊಟ್ಟೆ ಇಡುವುದೂ ಇದೇ ಬಳ್ಳಿಯ ಮೇಲೆ. ಅದು ನಿಮ್ಮ ಮನೆಗೇ ಬರುತ್ತದೆ ಅಂತ ಮಾತ್ರ ನಾನು ಮಾತು ಕೊಡಲಾರೆ.

ಮಡಗಾಸ್ಕರ್‌ನ ಗುಲ್‌ಮೊಹರ್, ಮಧ್ಯ ಅಮೆರಿಕದ ಟಬೂಬಿಯಾ ನೋಡಲು ಚೆಂದ, ನಾನೂ ನಿಂತು ನೋಡುತ್ತೇನೆ. ಆದರೆ ಇಲ್ಲಿನ ಹುಳಗಳಲ್ಲಿ ಆ ಎಲೆ ತಿನ್ನಬಲ್ಲವು ತೀರಾ ಕಡಿಮೆ. "ಹುಳ ಹತ್ತದ ಗಿಡ ಕೊಡಿ" ಅಂತ ಕೇಳಿದರೆ, ನೀವು ಚಿಟ್ಟೆ ಬಾರದ ಗಿಡ ಕೇಳುತ್ತಿದ್ದೀರಿ ಅಂತಲೇ ಅರ್ಥ.

ಹಕ್ಕಿಯ ವಿಷಯವೂ ಇದೇ. ತಾರಸಿ ಮೇಲೆ ಕಾಳು, ನೀರು ಇಡುತ್ತೀರಿ, ಒಳ್ಳೆಯದು. ಆದರೆ ಕಾಳು ತಿನ್ನುವ ಗುಬ್ಬಚ್ಚಿ ಕೂಡ ಎಳೆ ಮರಿಯ ಬಾಯಿಗೆ ಇಡುವುದು ಹುಳವನ್ನು. ಹಣ್ಣು ತಿನ್ನುವ ಪಿಕಳಾರವೂ ಅಷ್ಟೆ, ಮಕರಂದ ಕುಡಿಯುವ ಸೂರಕ್ಕಿಯೂ ಅಷ್ಟೆ. ನೀವು ಔಷಧಿ ಹೊಡೆದ ದಿನ ಆ ಮರಿಗಳಿಗೆ ಊಟ ಇರುವುದಿಲ್ಲ, ಅಲ್ವಾ?

ಎಲೆ ಹೋದರೆ ಗಿಡ ಸಾಯುವುದಿಲ್ಲವೇ ಅಂತ ಕೇಳುತ್ತಾರೆ. ಬೇರೂರಿದ ಆರೋಗ್ಯವಂತ ಗಿಡ ಸಾಮಾನ್ಯವಾಗಿ ಸಾಯುವುದಿಲ್ಲ. ಕಕ್ಕೆ ಪೂರ್ತಿ ಬೋಳಾಗಿ ಮತ್ತೆ ಚಿಗುರಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಂಗೆ ಎಲೆಯ ಮೇಲೆ ಗಂಟುಗಂಟು ಎದ್ದರೆ ಅದು ಸಣ್ಣ ನುಸಿಯ ಕೆಲಸ, ಮರಕ್ಕೆ ಅದರಿಂದ ಅಂಥ ತೊಂದರೆ ಇಲ್ಲ. ಹಾಗಂತ ಎಲ್ಲವನ್ನೂ ಸುಮ್ನೆ ಬಿಡಿ ಅನ್ನುತ್ತಿಲ್ಲ. ಕಾಂಡದಿಂದ ಮರದ ಪುಡಿ ಉದುರುತ್ತಿದ್ದರೆ ಅದು ಕೊರೆಯುವ ಹುಳ, ತಕ್ಷಣ ತೋರಿಸಿ. ಈ ವರ್ಷ ನೆಟ್ಟ ಸಸಿಯಾದರೆ ಹುಳಗಳನ್ನು ಎತ್ತಿ ಅದೇ ಜಾತಿಯ ದೊಡ್ಡ ಗಿಡಕ್ಕೆ ಬಿಡಿ. ನುಗ್ಗೆಯ ಕಂಬಳಿಹುಳ ಮೈಗೆ ತಾಗಿದರೆ ತುರಿಕೆ, ದದ್ದು ಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನುಗ್ಗೆಯನ್ನು ಬಾಗಿಲಿನಿಂದ ದೂರ ನೆಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ವಾಸನೆ, ಗಲಾಟೆ, ಅಂಗಳದ ತುಂಬ ಹಿಕ್ಕೆ. ಊರಿನವರು ಅದಕ್ಕೆ ಮರ ಕಡಿಯಲಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅಂದರು, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ನಮ್ಮವರೇ ಅಲ್ವಾ ಅವರು?

ಕುವೆಂಪುನಗರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಹೋದ ವರ್ಷ ಬೆಳಿಗ್ಗೆ ಆರೂವರೆಗೇ ಫೋನ್. ಕರಿಬೇವಿನ ಗಿಡ ಅರ್ಧ ಖಾಲಿಯಾಗಿತ್ತು. ನಾನು ಹೋಗುವಷ್ಟರಲ್ಲಿ ಔಷಧಿ ಬಾಟಲಿ ತಂದು ಮೆಟ್ಟಿಲ ಮೇಲೆ ಇಟ್ಟಿದ್ದರು. "ಸಾರಿಗೂ ಸೊಪ್ಪಿಲ್ಲ ಕಣಯ್ಯಾ" ಅಂದರು. ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುತ್ತಿದ್ದ ಮರಿಹುಳ ತೋರಿಸಿದೆ. ಪಕ್ಕದಲ್ಲೇ ದಪ್ಪ ಹಸಿರು ಹುಳ ಇತ್ತು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ತಲೆಯ ಹಿಂದಿನಿಂದ ಕೆಂಪು ಕೊಂಬು ಹೊರಗೆ ಬಂತು, ಘಾಟು ವಾಸನೆಯೂ ಬಂತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೂತುಬಿಟ್ಟರು. "ಒಂದು ತಿಂಗಳು ಕೊಡಿ ಸರ್, ಅಲ್ಲಿಯತನಕ ಸೊಪ್ಪು ಮಾರ್ಕೆಟ್ಟಿಂದ ತನ್ನಿ" ಅಂತ ಹೇಳಿ ಬಂದೆ.

ಹತ್ತು ದಿನಕ್ಕೆ ಮತ್ತೆ ಫೋನ್, ಗಾಬರಿಯ ದನಿ. "ಟುವ್ವಿ ಹಕ್ಕಿ ಬಂದು ನಮ್ಮ ಹುಳಗಳನ್ನೆಲ್ಲ ತಿಂತಾ ಇದೆ. ಸೊಳ್ಳೆ ಪರದೆ ಕಟ್ಟಿಬಿಡ್ಲಾ?"

"ಬೇಡಿ ಸರ್" ಅಂದೆ. "ದಾಸವಾಳದ ಕಡೆ ಎಲೆ ಹೊಲಿದು ಗೂಡು ಮಾಡಿರಬಹುದು, ದೂರದಿಂದ ನೋಡಿ."